ನನ್ನ ಕೆಲಸ ಕಿತ್ತುಕೊಂಡ ಜೋಲಿ

ಬ್ಯಾಂಕಿನಲ್ಲಿ ಕ್ಯಾಶಿಯರನ ಕೆಲಸವನ್ನು ಯಂತ್ರ ಕಿತ್ತುಕೊಂಡಿತು, ಗದ್ದೆಯಲ್ಲಿ ಆಳಿನ ಕೆಲಸವನ್ನು ಯಂತ್ರ ಕಿತ್ತುಕೊಂಡಿತು ಎಂದು ಜನ ಗೋಳಾಡುವಾಗ ನಾನು "ಹೌದ್ರೀ, ಕಾಲ ಕೆಟ್ಟೋತು" ಎನ್ನುತ್ತ ಮಿರ್ಚಿ ಕಡಿಯುತ್ತಿದ್ದೆ. ಗಂಡನ ಕೆಲಸವನ್ನೇ ಯಂತ್ರವೊಂದು ಕಿತ್ತುಕೊಳ್ಳಬಹುದು, ಅದನ್ನು ಸ್ವಂತ ಹೆಂಡತಿಯೇ ಮುಂದೆ ನಿಂತು (ಕೂತು ಎನ್ನಬೇಕು, ಅವಳು ಗಾಲಿಕುರ್ಚಿಯಲ್ಲಿರುವವಳು) ಆರತಿ ಎತ್ತಿ ಮನೆ ತುಂಬಿಸಿಕೊಳ್ಳಬಹುದು ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ನನ್ನ ಹೆಸರು ಕೊಟ್ಟೂರೇಶ್. ದಾವಣಗೆರೆಯ ವಿನೋಬನಗರದಲ್ಲಿ ನಮ್ಮದು ಮಂಡಕ್ಕಿ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ. ಬೆಳಗಿನ ಜಾವಕ್ಕೆ ಭಟ್ಟಿಯಿಂದ ಬಿಸಿ ಮಂಡಕ್ಕಿಯ ಚೀಲಗಳು ಬಂದು ಬೀಳುತ್ತವೆ. ಬೆಳಕು ಹರಿಯುವಷ್ಟರಲ್ಲಿ ಹದಡಿ, ಕುಕ್ಕುವಾಡದ ಕಡೆಯ ಅಂಗಡಿಯವರು ಬಂದು ಕೊಂಡು ಹೋಗುತ್ತಾರೆ. ಅಸಲಿ ವ್ಯಾಪಾರವೆಲ್ಲ ಆ ಹೊತ್ತಿನಲ್ಲೇ. ಆಮೇಲೆ ಬರುವವರು ಒಂದು ಸೇರು ಕೊಂಡು ಎರಡು ಮುಷ್ಟಿ ರುಚಿ ನೋಡುವ ಗಿರಾಕಿಗಳು. ಹಿಂದೆಲ್ಲ ಆ ಬೆಳಗಿನ ವ್ಯಾಪಾರಕ್ಕೆ ಗಲ್ಲಾದ ಮೇಲೆ ಕೂರುತ್ತಿದ್ದವಳು ನನ್ನ ಹೆಂಡತಿ ವಾಣಿಶ್ರೀ. ಅವಳೆದುರು ಚೌಕಾಸಿ ಮಾಡುವವರ ಗಂಟಲು ಕಟ್ಟುತ್ತಿತ್ತು. ನಾನು ಕಣ್ಣುಜ್ಜಿಕೊಂಡು ಹೊರಗೆ ಬರುವ ಹೊತ್ತಿಗೆ ಅವಳು ದಿನದ ವ್ಯಾಪಾರ ಮುಗಿಸಿ ಒಗ್ಗರಣೆ ಹಾಕುತ್ತಿರುತ್ತಿದ್ದಳು.

ಆಮೇಲೆ ಒಂದು ಸಲ ಬಸ್ಸಿನಿಂದ ಬಿದ್ದು ಅವಳ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಬಲ ವಾಪಸು ಬರಲಿಲ್ಲ. ಕೈಗಳು ಗಟ್ಟಿಯಾಗಿವೆ, ನಾಲಿಗೆ ಮೊದಲಿಗಿಂತ ಗಟ್ಟಿಯಾಗಿದೆ. ಗಾಲಿಕುರ್ಚಿಯಲ್ಲಿ ಕೂತಳೆಂದರೆ ಮನೆಯೆಲ್ಲ ಸುತ್ತುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ನನ್ನನ್ನು ಬೈಯುತ್ತಾಳೆ, ಯಾವುದಕ್ಕೂ ಯಾರ ಸಹಾಯವೂ ಬೇಕಿಲ್ಲ. ತೊಂದರೆ ಇದ್ದದ್ದು ಹಾಸಿಗೆಯಿಂದ ಕುರ್ಚಿಗೆ ಬರುವ ಒಂದು ಮಾರು ದೂರದಲ್ಲಿ. ಆ ಒಂದು ಮಾರು ನನ್ನ ಸಾಮ್ರಾಜ್ಯವಾಗಿತ್ತು.

ಬೆಳಿಗ್ಗೆ ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವುದು, ರಾತ್ರಿ ಎತ್ತಿ ಹಾಸಿಗೆಗೆ ಸೇರಿಸುವುದು. ಈ ಉತ್ಥಾನ ಮಹೋತ್ಸವವನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅದಕ್ಕೊಂದು ಕಾರಣವಿದೆ, ನಿಮಗೆ ಮಾತ್ರ ಹೇಳುತ್ತೇನೆ. ಈ ಮನೆಯಲ್ಲಿ ನನ್ನ ಮಾತು ನಡೆಯುತ್ತಿದ್ದುದೇ ಆ ಎರಡು ಹೊತ್ತಿನಲ್ಲಿ. ನೆಲದ ಮೇಲಿನ ವಾಣಿಶ್ರೀ ಬೇರೆ, ಗಾಳಿಯಲ್ಲಿರುವ ವಾಣಿಶ್ರೀ ಬೇರೆ. ಅವಳನ್ನು ಎತ್ತಿಕೊಂಡು, ಕುರ್ಚಿಗೆ ಇಳಿಸುವ ಮುನ್ನ, ನಾನು ತುಸು ತಡೆಯುತ್ತಿದ್ದೆ.

"ಇವತ್ತು ಬಕ್ಕೇಶಪ್ಪನ ಜತಿಗೆ ಹರಿಹರಕ್ಕೆ ಹೋಗ್ಬರ್ತೀನಿ."

"ಮೊದ್ಲು ಕೆಳಗೆ ಇಳಸ್ರಿ."

"ಹೋಗ್ಲೋ ಬ್ಯಾಡೋ?"

"ಎಲ್ಲಿಗಾದ್ರೂ ಹೋಗ್ರಿ, ಮೊದ್ಲು ಇಳಸ್ರಿ!"

ಹೊಸ ಟಿವಿ, ಗೆಳೆಯರ ಜೊತೆ ತೀರ್ಥಯಾತ್ರೆ, ಮೀಸೆ ಬಿಡುವುದು, ಹೀಗೆ ನನ್ನ ಸಂಸಾರದ ಎಲ್ಲ ಮುಖ್ಯ ಮಸೂದೆಗಳೂ ಅಂಗೀಕಾರವಾದದ್ದು ನೆಲದಿಂದ ಮೂರಡಿ ಎತ್ತರದಲ್ಲಿ.

ಅವಳದು ಒಂದೇ ತಕರಾರು. ಅವಳಿಗೆ ಐದಕ್ಕೆ ಎಚ್ಚರವಾಗುತ್ತದೆ. "ರೀ" ಎನ್ನುತ್ತಾಳೆ. ನಾನು "ಬಂದೆ" ಎಂದು ಮಗ್ಗುಲು ಬದಲಿಸುತ್ತೇನೆ. ನಾನು ನಿಜವಾಗಿ ಬರುವ ಹೊತ್ತಿಗೆ ಎಂಟಾಗಿರುತ್ತದೆ. ಅಷ್ಟರಲ್ಲಿ ಅಂಗಡಿಯಲ್ಲಿ ಕೆಲಸಕ್ಕಿರುವ ನಮ್ಮ ನಬೀ ಸಾಬ್ ಒಬ್ಬರೇ ಅಳೆದು, ಕೊಟ್ಟು, ಬಾಗಿಲು ಅರ್ಧ ಎಳೆದು ಚಹಾಕ್ಕೆ ಹೋಗಿರುತ್ತಾರೆ.

"ಐದರಿಂದ ಎಂಟರ ತನಕ ಅಂಗಾತ ಬಿದ್ಕಂಡು ಸೂರು ನೋಡ್ತೀನಿ," ಎನ್ನುತ್ತಿದ್ದಳು. "ನೀವು ಸೂರಿಗೆ ಮಾಡ್ಸಿರೋ ಪಿಒಪಿ ಕಮಲದಾಗೆ ಯಾವ ಎಸಳು ಸೊಟ್ಟ ಐತೆ ಕೇಳ್ರಿ, ಹೇಳ್ತೀನಿ. ನಂಗೆ ಬೆಳಿಗ್ಗೆ ಗಲ್ಲಾದ ಮ್ಯಾಲೆ ಕೂಡ್ಬೇಕು ರೀ. ಅಷ್ಟೇ."

"ಯಾಕ ಸುಮ್ನೆ ತ್ರಾಸು ತಗಂತೀ? ಆರಾಮಾಗಿ ಮಲಕ್ಕ," ಎಂದು ನಾನು ಪತಿಧರ್ಮ ಪಾಲಿಸುತ್ತಿದ್ದೆ. ಮಲಗಿಕೊಂಡಿದ್ದವನು ನಾನು ಎಂಬುದು ಬೇರೆ ಮಾತು.

ಹೀಗಿರುವಾಗ ಒಂದು ದಿನ ಎತ್ತುವ ಮಧ್ಯದಲ್ಲಿ ನನ್ನ ಸೊಂಟ ಚಳಕ್ ಎಂದಿತು. ಇಬ್ಬರೂ ಮಂಚದ ಪಕ್ಕದಲ್ಲಿ ನೆಲಕ್ಕೆ ಕೂತೆವು. (ಬಿದ್ದೆವು ಎಂದು ಅವಳು ಹೇಳುತ್ತಾಳೆ. ನಾನು ಕೂತೆವು ಎನ್ನುತ್ತೇನೆ.) ಪುಣ್ಯಕ್ಕೆ ಅವಳಿಗೆ ಏನೂ ಆಗಲಿಲ್ಲ. ನನ್ನನ್ನು ನೋಡಿದ ಡಾಕ್ಟರು, ಇನ್ನು ಮೇಲೆ ಹೆಂಡತಿಯನ್ನಿರಲಿ, ಅಕ್ಕಿ ಚೀಲವನ್ನೂ ಎತ್ತಕೂಡದು ಎಂದು ಅಪ್ಪಣೆ ಕೊಡಿಸಿದರು. ನಬೀ ಸಾಬರ ಹೆಂಡತಿ ಮತ್ತು ಸೊಸೆ ದಿನಾ ಬಂದು ಇಬ್ಬರೂ ಸೇರಿ ಎತ್ತುವ ಏರ್ಪಾಡಾಯಿತು. ಅವರು ಬರುತ್ತಿದ್ದುದು ಅವರ ಮನೆಗೆಲಸ ಮುಗಿದ ಮೇಲೆ, ಒಂಬತ್ತಕ್ಕೆ. ಸೂರು ನೋಡುವ ಹೊತ್ತು ಇನ್ನೂ ಬೆಳೆಯಿತು.

ವಾಣಿಶ್ರೀ ಮರುದಿನವೇ ಹರಿಹರಕ್ಕೆ ಫೋನ್ ಹಚ್ಚಿದಳು.

ಹರಿಹರ ಅವಳ ತವರು. ಅಲ್ಲಿ ಅವಳ ಜೊತೆ ಓದಿದ ದಿಲ್ಷಾದ್ ಬೇಗಂ ಎಂಬಾಕೆ ಫ್ಯಾಬ್ರಿಕೇಶನ್ ಶೆಡ್ ನಡೆಸುತ್ತಾರೆ. ಆಕೆಯ ತಮ್ಮನೂ ಗಾಲಿಕುರ್ಚಿಯಲ್ಲಿರುವವನು. ಅವನಿಗಾಗಿ ಸೂರಿಗೆ ಹಳಿ ಕಟ್ಟಿ, ಅದಕ್ಕೊಂದು ಮೋಟಾರು ತೂಗುಬಿಟ್ಟು, ಮೋಟಾರಿಗೊಂದು ಬಟ್ಟೆಯ ಜೋಲಿ ಸಿಕ್ಕಿಸಿ, ಗುಂಡಿ ಒತ್ತಿದರೆ ಮನುಷ್ಯನನ್ನು ಮೆಲ್ಲಗೆ ಎತ್ತಿ ಒಯ್ದು ಬೇಕಾದಲ್ಲಿ ಇಳಿಸುವ ಯಂತ್ರ ಹಾಕಿಸಿದ್ದರಂತೆ. ಆಮೇಲೆ ಆ ಕೆಲಸವನ್ನೇ ತರಬೇತಿ ಪಡೆದು ಕಲಿತು ಊರೂರಿಗೆ ಹೋಗಿ ಹಾಕಿಕೊಡುತ್ತಾರಂತೆ.

ಆಕೆ ವ್ಯಾನು ತೆಗೆದುಕೊಂಡು ಬಂದೇಬಿಟ್ಟರು. ಎತ್ತರದ ಹೆಂಗಸು, ಅದಕ್ಕಿಂತ ಎತ್ತರದ ದನಿ. ಚಪ್ಪಲಿ ಬಿಟ್ಟು ಸೀದಾ ಮಲಗುವ ಕೋಣೆಗೆ ನುಗ್ಗಿ, ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದರು. ಮೇಲಿದ್ದದ್ದು ನನ್ನ ಹೆಮ್ಮೆಯ ಪ್ಲಾಸ್ಟರಿನ ಕಮಲ. ನಮ್ಮ ಮಗಳು ಚೈತ್ರಾಳ ಮದುವೆಗೆಂದು ಮಾಡಿಸಿದ್ದು. ಎಸಳು ಎಸಳಿಗೂ ಒಂದೊಂದು ಬಣ್ಣದ ದೀಪ.

"ಅಣ್ಣಾರೆ, ಇದು ಪಿಒಪಿ. ಇದರ ಮ್ಯಾಲೆ ಸ್ಲ್ಯಾಬ್ ಹೆಂಗೈತೆ ಅಂತ ನಾನು ನೋಡ್ಬೇಕು. ಈ ಕಮಲ ಕೊಯ್ಬೇಕಾಗ್ತೈತೆ."

"ಕಮಲ ಕೊಯ್ಯೋದಾ!"

"ಮಲಗೋ ಕೋಣ್ಯಾಗೆ ಕಮಲ ಯಾಕ ಬೇಕಿತ್ರಿ?"

"ಲಕ್ಷ್ಮಿ ಬರ್ಲಿ ಅಂತ."

"ಈ ಮನ್ಯಾಗೆ ಬಂದ್ರೂ ಎಂಟರ ತನಕ ಮಲಕ್ಕಂಬಿಡ್ತಾಳೆ," ಎಂದಳು ವಾಣಿಶ್ರೀ.

ನಾನು ಅದನ್ನು ಕೇಳಿಸಿಕೊಳ್ಳದೆ ಕಮಲದ ನಡುವಿನ ದಪ್ಪ ಕಬ್ಬಿಣದ ಕೊಂಡಿಯನ್ನು ತೋರಿಸಿದೆ. "ಕೊಯ್ಯೋದು ಯಾತಕ್ಕೆ? ಆ ಕೊಂಡಿ ನೋಡ್ರಿ. ಸ್ಲ್ಯಾಬ್ ಹಾಕೋವಾಗ್ಲೇ ಕಂಬಿಗೆ ಕಟ್ಟಿ ಕೂಡ್ಸಿದ್ದು. ನನ್ನ ಮಗಳ ತೊಟ್ಟಿಲು ಅದಕ್ಕೇ ಕಟ್ಟಿದ್ವಿ. ನಿಮ್ಮ ಯಂತ್ರ ಅದಕ್ಕೇ ತಗಲಾಕ್ರಿ. ಆನೆ ಕಟ್ಟಿದ್ರೂ ತಡೀತೈತೆ."

"ಕಣ್ಣಾರೆ ನೋಡ್ದೆ ನಾನು ಆನೇನೂ ಕಟ್ಟಲ್ಲ, ವಾಣೀನೂ ಕಟ್ಟಲ್ಲ," ಎಂದರು ದಿಲ್ಷಾದ್ ಬೇಗಂ. "ಯೋಚ್ನೆ ಮಾಡಿ ಹೇಳ್ರಿ."

ನಾನು ಯೋಚನೆ ಮಾಡಿದೆ. ಯಂತ್ರ ಬಂದರೆ ಕಮಲ ಹೋಗುತ್ತದೆ. ಕಮಲದ ಜೊತೆಗೆ ಇನ್ನೊಂದು ವಸ್ತುವೂ ಹೋಗುತ್ತದೆ, ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಸೊಂಟ ಸರಿಯಾದ ಮೇಲೆ ನಾನು ಮತ್ತೆ ಸಿಂಹಾಸನ ಏರುತ್ತೇನೆ ಎಂಬ ಆಸೆ ನನಗಿನ್ನೂ ಇತ್ತು. ಎತ್ತಲು ಯಂತ್ರವೇ ಬೇಕೆಂದರೂ ಅದರ ಸರಪಳಿ ನನ್ನ ಕೈಯಲ್ಲಿರಬೇಕು, ಗುಂಡಿ ಅವಳ ಕೈಗೆ ಹೋಗಕೂಡದು. ಇಂಥ ಸಂಕಟಗಳಿಗೆಂದೇ ದೇವರು ನನಗೆ ಬಕ್ಕೇಶಪ್ಪನನ್ನು ಕೊಟ್ಟಿದ್ದಾನೆ.

ಬಕ್ಕೇಶಪ್ಪ ನನ್ನ ಬಾಲ್ಯದ ಗೆಳೆಯ, ಕಟ್ಟಡದ ಗುತ್ತಿಗೆದಾರ. ನಮ್ಮ ಮನೆ ಕಟ್ಟಿದವನೂ ಅವನೇ, ಕಮಲದ ಕೆಲಸಕ್ಕೆ ಜನ ಕರೆತಂದವನೂ ಅವನೇ. ನನ್ನ ಅಹವಾಲು ಕೇಳಿ ಅವನಿಗೆ ಕೆಂಡದಂಥ ಸಿಟ್ಟು ಬಂತು.

"ನಾನು ಹಾಕಿದ ಕೊಂಡೀನ ಹರಿಹರದೋರು ಬಂದು ಅನುಮಾನ ಪಡ್ತಾರಾ? ಕೊಟ್ರಾ, ನೀರಿನ ಟ್ಯಾಂಕ್ ಮ್ಯಾಲೆ ಎತ್ತೋ ಚೈನ್ ಬ್ಲಾಕ್ ನನ್ನತ್ರ ಐತೆ. ಭಾನುವಾರ ತರ್ತೀನಿ. ಕೊಂಡಿಗೆ ಹಾಕಿ ನಿನ್ನ ಸಂಸಾರಾನೇ ಎತ್ತಿಬಿಡಾಣ."

ಕೂರಲು ಆಸನ ಬೇಕಲ್ಲ. ಮಂಡಕ್ಕಿಯ ದೊಡ್ಡ ಗೋಣಿಚೀಲವನ್ನು ಎರಡು ಪದರ ಮಾಡಿ ನಾನೇ ದಬ್ಬಣದಲ್ಲಿ ಹೊಲಿದೆ. ನಾಲ್ಕು ಮೂಲೆಗೆ ಹಗ್ಗ ಕಟ್ಟಿದೆ. ಸ್ವದೇಶಿ ಜೋಲಿ ಸಿದ್ಧವಾಯಿತು.

"ನಾನೇನು ಮಂಡಕ್ಕೀನಾ, ಚೀಲದಾಗೆ ತುಂಬಾಕೆ?" ಎಂದಳು ವಾಣಿಶ್ರೀ.

"ಒಂದ್ಸಲ ಕೂತು ನೋಡು ವಾಣಿ. ಭಾನುವಾರ ಪೂಜೆ ಮಾಡಿ ನೀನೇ ಮೊದ್ಲು ಕೂಡ್ಬೇಕು. ಕಾಯಿ ಒಡ್ಯೋದು, ಎತ್ತೋದು."

"ಮೊದ್ಲು ಭಾರ ಹಾಕಿ ತೋರಿಸ್ರಿ. ದಿಲ್ಲು ಹಂಗೇ ಮಾಡೋದು."

ಸರಿ, ಭಾನುವಾರ ಭಾರ ಪರೀಕ್ಷೆ ಎಂದಾಯಿತು. ಬಕ್ಕೇಶಪ್ಪ ಬಂದ, ಸರಪಳಿ ತಂದ, ಮಂಚ ಸರಿಸಿ ಏಣಿ ಹತ್ತಿ ಕೊಂಡಿಗೆ ಸಿಕ್ಕಿಸಿದ. ನಾನು ಅಂಗಡಿಯಿಂದ ಮೂರು ಮಂಡಕ್ಕಿ ಚೀಲ ತರಿಸಿದೆ. ಮಂಡಕ್ಕಿ ಚೀಲವೆಂದರೆ ನಿಮಗೆ ಗೊತ್ತಲ್ಲ, ಆಳೆತ್ತರ, ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಷ್ಟು ಗಾತ್ರ. ಮೂರನ್ನೂ ಒಟ್ಟಿಗೆ ಕಟ್ಟಿ ಎತ್ತಿದಾಗ ಕೋಣೆಯೇ ತುಂಬಿಹೋಯಿತು. ಕಿಟಕಿಯಲ್ಲಿ ಇಣುಕುತ್ತಿದ್ದ ಅಕ್ಕಪಕ್ಕದವರು ಹೋ ಎಂದರು. ಸರಪಳಿ ಹಿಡಿದು ನಿಂತ ನನಗೆ ಮೈಯಲ್ಲಿ ಒಂದು ಸುತ್ತು ಮಾಂಸ ಬಂದಂತಾಯಿತು.

ವಾಣಿಶ್ರೀ ಬಾಗಿಲಲ್ಲಿ ಕುರ್ಚಿ ನಿಲ್ಲಿಸಿಕೊಂಡು ಚಹಾ ಕುಡಿಯುತ್ತಿದ್ದಳು. ಬಸಿಯಿಂದ ಒಂದು ಗುಟುಕು ಹೀರಿ ಕೇಳಿದಳು: "ತೂಕ ಎಷ್ಟು ಅದು?"

ನಾನು ಬಕ್ಕೇಶಪ್ಪನನ್ನು ನೋಡಿದೆ. ಬಕ್ಕೇಶಪ್ಪ ನನ್ನನ್ನು ನೋಡಿದ. ನಿಮಗೆ ತಿಳಿಯಲೆಂದು ಹೇಳುತ್ತೇನೆ, ನಮ್ಮ ಕಸುಬಿನವರು ಸೇರಿನಲ್ಲಿ ಅಳೆಯುತ್ತೇವೆ, ಚೀಲದಲ್ಲಿ ಎಣಿಸುತ್ತೇವೆ. ನಮ್ಮ ಅಂಗಡಿಯಲ್ಲಿ ನನ್ನ ಅಜ್ಜನ ಕಾಲದಿಂದಲೂ ತಕ್ಕಡಿಯೇ ಇಲ್ಲ. ಹುಟ್ಟಿದಾಗಿನಿಂದ ಮಂಡಕ್ಕಿಯ ನಡುವೆ ಬೆಳೆದ ನನಗೆ ದೊಡ್ಡದೆಲ್ಲ ಭಾರದ್ದು ಎಂದೇ ಲೆಕ್ಕ.

"ಮೂರೂ ಚೀಲ ಕೂಡಿದ್ರೆ ನನ್ನ ಅರ್ಧ ತೂಕ ಆಗಲ್ಲ," ಎಂದಳು. "ಮಂಡಕ್ಕಿ ಎತ್ತೋದಾದ್ರೆ ಫ್ಯಾನು ಸಾಕು. ಗಾಳಿಗೇ ಹಾರ್ತೈತೆ."

ಕಿಟಕಿಯಲ್ಲಿದ್ದವರು ನಕ್ಕರು. ಬಕ್ಕೇಶಪ್ಪನ ಗುತ್ತಿಗೆದಾರಿಕೆಯ ಮಾನ ಹರಾಜಿಗೆ ಬಂತು. ಅವನು ಚೀಲಗಳನ್ನು ಇಳಿಸಿ ಹಿಂದಕ್ಕೆ ಒಟ್ಟಿ, ಪಂಚೆ ಎತ್ತಿ ಕಟ್ಟಿದ.

"ತಂಗೆವ್ವ, ನಿಮ್ಮಂಥೋರು ಇಬ್ರ ತೂಕ ನಾನೊಬ್ಬನೇ ಅದೀನಿ. ನಾನೇ ಕೂಡ್ತೀನಿ, ನೋಡ್ರಿ. ಎಳಿಯೋ ಕೊಟ್ರ!"

ಕೂತ. ನಾನು ಸರಪಳಿ ಎಳೆದೆ. ಬಕ್ಕೇಶಪ್ಪ ನೆಲ ಬಿಟ್ಟು ಒಂದು ಗೇಣು ಮೇಲೆದ್ದು, ಕೈಬೀಸಿ ಕಿಟಕಿಯವರಿಗೆ ನಮಸ್ಕಾರ ಮಾಡಿದ. ಆಗ ಮೇಲೆಲ್ಲೋ ಟಕ್ ಎಂದಿತು. ನಾನು ಎಳೆಯುವುದನ್ನು ನಿಲ್ಲಿಸಿದೆ. ಇನ್ನೊಮ್ಮೆ ಟಕ್ ಎಂದಿತು. ಆಮೇಲೆ ನನ್ನ ಮಗಳ ಮದುವೆಯ ಕಮಲವು ಎಸಳು, ದೀಪ, ತಂತಿ, ತಗಡುಗಳ ಸಮೇತ ಗುತ್ತಿಗೆದಾರನ ಮೇಲೆ ಪುಷ್ಪವೃಷ್ಟಿಯಾಗಿ ಇಳಿಯಿತು. ಅವನು ಹಿಂದಕ್ಕೆ ಮಗುಚಿ ಚೀಲಗಳ ಮೇಲೆ ಬಿದ್ದ. ಚೀಲ ಒಡೆದು ಮಂಡಕ್ಕಿ ಸೂರಿಗೆ ಹಾರಿತು. ಬಿಳಿ ಧೂಳಿನಲ್ಲಿ ಯಾರಿಗೆ ಯಾರೂ ಕಾಣಲಿಲ್ಲ.

"ಬಕ್ಕಾ, ಅದೀಯೇನೋ?"

"ಅದೀನಿ," ಎಂದಿತು ಧೂಳು. "ಆನೆ ಕಟ್ಟಬ್ಯಾಡ."

ಧೂಳು ಇಳಿದ ಮೇಲೆ ಎಲ್ಲರೂ ಮೇಲೆ ನೋಡಿದೆವು. ನಿಜವಾದ ಸ್ಲ್ಯಾಬು ಈಗ ಕಾಣುತ್ತಿತ್ತು. ಅದರ ನಡುವೆ ಕೊಯ್ದುಹಾಕಿದ ಕಬ್ಬಿಣದ ಒಂದು ತುಂಡು. ಅಷ್ಟೇ. ನನ್ನ ಮಗಳ ತೊಟ್ಟಿಲು ಹೊತ್ತ ಕೊಂಡಿಯನ್ನು ಕಮಲ ಮಾಡಿದವರು ಅಡ್ಡವಾಯಿತೆಂದು ಕತ್ತರಿಸಿ, ಅಂದಕ್ಕೊಂದು ಹೊಸ ಕೊಂಡಿಯನ್ನು ತಗಡಿನ ಪಟ್ಟಿಗೆ ಸ್ಕ್ರೂ ಹಾಕಿ ಕೂರಿಸಿ ಹೋಗಿದ್ದರು. ಇಷ್ಟು ವರ್ಷ ನಾನು ನಂಬಿದ್ದು ಆ ತಗಡನ್ನು.

ಬಕ್ಕೇಶಪ್ಪನಿಗೆ ಮೊಣಕೈ ತರಚಿತ್ತು, ತಲೆಯ ಮೇಲೊಂದು ಎಸಳು ಕೂತಿತ್ತು. ಕಿಟಕಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ನಗಲು ಬಾಯಿ ತೆರೆದೆ. ಆಗ ನನ್ನ ಕೈಯಲ್ಲಿ ಇನ್ನೂ ಸರಪಳಿ ಇರುವುದು ಕಂಡಿತು. ಪೂಜೆ ಮಾಡಿ ಅವಳನ್ನೇ ಮೊದಲು ಕೂರಿಸಬೇಕೆಂದಿದ್ದೆ. ಭಾರ ಹಾಕಿ ತೋರಿಸಿ ಎಂದು ಅವಳು ಹಟ ಹಿಡಿಯದಿದ್ದರೆ ಆ ಗೋಣಿಯಲ್ಲಿ ಇರುತ್ತಿದ್ದವಳು ವಾಣಿಶ್ರೀ. ಹಿಂದೆ ಚೀಲವೂ ಇರುತ್ತಿರಲಿಲ್ಲ, ಬರಿಯ ನೆಲವಿರುತ್ತಿತ್ತು. ನಾನು ಸರಪಳಿಯನ್ನು ಕೈಬಿಟ್ಟೆ. ಈ ಮಾತನ್ನು ತಮಾಷೆಯಾಗಿ ಹೇಳಲು ಇವತ್ತಿಗೂ ನನಗೆ ಬರುವುದಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಡಿಲಿಗೆ ಬಿದ್ದ ಮಂಡಕ್ಕಿಯನ್ನು ಒಂದೊಂದಾಗಿ ಆರಿಸಿ ಬಸಿಗೆ ಹಾಕುತ್ತ ಮೆಲ್ಲಗೆ ಹೇಳಿದಳು: "ಬೆಳಿಗ್ಗೆ ನನ್ನ ಹೊತ್ತಿಗೆ ನಾನು ಏಳ್ಬೇಕು ಅನ್ನೋದಷ್ಟೇ ರೀ ನನ್ನ ಆಸೆ. ಅದು ಅಷ್ಟು ದೊಡ್ಡದಾ?"

ನಾನು ಫೋನು ತಂದು ದಿಲ್ಷಾದ್ ಬೇಗಂ ಅವರ ನಂಬರು ಹಚ್ಚಿ ಅವಳ ಕೈಗೆ ಕೊಟ್ಟೆ.

ದಿಲ್ಷಾದ್ ಬೇಗಂ ಬಂದು ಕಮಲದ ಅವಶೇಷ ನೋಡಿ, "ಕೊಯ್ಯೋ ಕೆಲಸ ಉಳಿಸಿದ್ರಲ್ಲ ಅಣ್ಣಾರೆ" ಎಂದು ಮೆಚ್ಚುಗೆ ಸೂಚಿಸಿದರು. ಆಮೇಲೆ ಶುರುವಾಯಿತು ಅವರ ಕಾರುಬಾರು. ಒಂದು ಪುಟ್ಟ ಡಬ್ಬಿಯನ್ನು ಸ್ಲ್ಯಾಬಿನ ಉದ್ದಕ್ಕೂ ಆಡಿಸಿ, ಎಲ್ಲಿ ಕಂಬಿಯಿದೆ, ಎಲ್ಲಿ ಕರೆಂಟಿನ ಪೈಪಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿದರು. ಅವೆರಡನ್ನೂ ತಪ್ಪಿಸಿ ರಂಧ್ರ ಕೊರೆದರು. ಕೊರೆದದ್ದಕ್ಕಿಂತ ಹೆಚ್ಚು ಹೊತ್ತು ರಂಧ್ರದೊಳಗಿನ ಧೂಳನ್ನು ಊದಿ, ಉಜ್ಜಿ, ಮತ್ತೆ ಊದಿ ತೆಗೆದರು. ನಮ್ಮ ಮನೆಯ ಜಗಲಿಯನ್ನೂ ಯಾರೂ ಅಷ್ಟು ಶುದ್ಧ ಮಾಡಿದ್ದಿಲ್ಲ. ಬೋಲ್ಟುಗಳನ್ನು ಗಟ್ಟಿ ಅಂಟಿನಲ್ಲಿ ಕೂರಿಸಿ, "ನಾಳೆ ನಾನು ಬರೋ ತನಕ ಯಾರೂ ಮುಟ್ಟಾಂಗಿಲ್ಲ" ಎಂದರು.

"ಒಣಗಿತೇನೋ ಅಂತ ಒಂದ್ಸಲ ಕೋಲಿನಾಗೆ..."

"ಯಾರೂ ಅಂದ್ರೆ ನೀವೇ ಅಣ್ಣಾರೆ."

ಮರುದಿನ ಒಂದೊಂದು ಬೋಲ್ಟನ್ನೂ, ಎಷ್ಟು ಭಾರ ತಡೆಯುತ್ತದೆಂದು ಮುಳ್ಳು ತೋರಿಸುವ ಉಪಕರಣದಿಂದ ಜಗ್ಗಿ ನೋಡಿದರು. ಬಕ್ಕೇಶಪ್ಪ ಮೊಣಕೈಗೆ ಪಟ್ಟಿ ಸುತ್ತಿಕೊಂಡು ಬಂದು, ತನ್ನ ಸ್ಲ್ಯಾಬು ಪಾಸಾಯಿತೋ ಇಲ್ಲವೋ ಎಂದು ಎಸ್ಸೆಸ್ಸೆಲ್ಸಿ ಹುಡುಗನ ಹಾಗೆ ಉಗುರು ಕಚ್ಚುತ್ತ ನಿಂತಿದ್ದ. ಪಾಸಾಯಿತು. ಅವನಿಗಾದ ಸಂತೋಷಕ್ಕೆ ಎಲ್ಲರಿಗೂ ಬೆಣ್ಣೆದೋಸೆ ಬಂತು. ಮಂಚದ ಮೇಲಿಂದ ಬಚ್ಚಲುಮನೆಯ ಬಾಗಿಲವರೆಗೆ ಹಳಿ ಕೂತಿತು, ಮೋಟಾರು ತೂಗಿತು. ಆಮೇಲೆ ಹಿಟ್ಟಿನ ಗಿರಣಿಯಲ್ಲಿ ತೂಕ ಹಾಕಿಸಿ ತಂದ ಚೀಲಗಳು ಬಂದವು.

"ಇದು ಅಕ್ಕಿ," ಎಂದು ದಿಲ್ಷಾದ್ ಬೇಗಂ ನನಗೆ ಮಾತ್ರ ಕೇಳುವಂತೆ ಹೇಳಿದರು. "ಮಂಡಕ್ಕಿ ಅಲ್ಲ."

ವಾಣಿಶ್ರೀಗಿಂತ ಎಷ್ಟೋ ಭಾರದ ಆ ಮೂಟೆಯನ್ನು ಎತ್ತಿ, ಹಳಿಯ ಈ ತುದಿಯಿಂದ ಆ ತುದಿಗೆ ಓಡಾಡಿಸಿ, ಮಧ್ಯದಲ್ಲಿ ತೂಗುಬಿಟ್ಟು ಊಟಕ್ಕೆ ಕೂತೆವು. ಊಟ ಮುಗಿದು ಎಲೆ ಅಡಿಕೆ ಹಾಕಿಕೊಂಡು ಬಂದು ನೋಡಿದರೂ ಅದು ಹಾಗೇ ಇತ್ತು. ಆಗ ವಾಣಿಶ್ರೀಗೆ ಪಾಠವಾಯಿತು. ಜೋಲಿಯನ್ನು ಬೆನ್ನ ಹಿಂದೆ, ತೊಡೆಯ ಕೆಳಗೆ ಹೇಗೆ ಸರಿಸಿಕೊಳ್ಳುವುದು, ಎರಡೂ ಕಡೆ ಒಂದೇ ಬಣ್ಣದ ಕುಣಿಕೆ ಸಿಕ್ಕಿಸುವುದು, ತುಸು ಎತ್ತಿ ನಿಲ್ಲಿಸಿ ಎಲ್ಲ ಸರಿಯಿದೆಯೇ ನೋಡಿಕೊಂಡು ಆಮೇಲೆ ಮುಂದೆ ಹೋಗುವುದು, ಯಂತ್ರ ಕೆಟ್ಟು ನಿಂತರೆ ಕೆಂಪು ದಾರ ಎಳೆದು ಮೆಲ್ಲಗೆ ಇಳಿಯುವುದು.

"ಇನ್ನು ಅಣ್ಣಾರು ಕೂಡ್ಬೇಕು," ಎಂದರು ದಿಲ್ಷಾದ್ ಬೇಗಂ.

"ನಾನ್ಯಾಕೆ? ನನ್ನ ಕಾಲು ನೆಟ್ಟಗವೆ."

"ಮನ್ಯಾಗೆ ಜತಿಗಿರೋರು ಒಂದ್ಸಲ ಕೂತು ನೋಡ್ಲೇಬೇಕು. ತೂಗಾಡೋದು ಹೆಂಗಿರ್ತೈತೆ ಅಂತ ಗೊತ್ತಾದ್ರೆ ಇನ್ನೊಬ್ರನ್ನ ಎತ್ತೋವಾಗ ಅವಸರ ಮಾಡಲ್ಲ. ಹರಿಹರದಾಗೆ ಎಲ್ರ ಮನ್ಯಾಗೂ ಕೂಡ್ಸೀನಿ. ಕೂಡ್ರಿ."

ಕೂತೆ. ಗುಂಡಿಯ ಡಬ್ಬಿಯನ್ನು ಆಕೆ ವಾಣಿಶ್ರೀಯ ಕೈಗೆ ಕೊಟ್ಟರು. ಜುಂಯ್ ಎಂದಿತು. ನನ್ನ ಕಾಲು ಹಾಸಿಗೆ ಬಿಟ್ಟಿತು. ಹಿಡಿದುಕೊಳ್ಳಲು ಏನೂ ಇಲ್ಲದೆ ನನ್ನ ಮೊಣಕಾಲನ್ನೇ ನಾನು ತಬ್ಬಿಕೊಂಡೆ.

"ಸಾಕು, ಇಳ್ಸು."

ಯಂತ್ರ ನಿಂತಿತು. ಇಳಿಯಲಿಲ್ಲ.

"ಒಂದು ಮಾತಿತ್ತು," ಎಂದಳು ವಾಣಿಶ್ರೀ. "ಬೆಳಿಗ್ಗೆ ಗಲ್ಲಾದ ಮ್ಯಾಲೆ ನಾನು ಕೂಡ್ತೀನಿ."

"ಮೊದ್ಲು ಕೆಳಗೆ ಇಳ್ಸು."

"ಕೂಡ್ಲೋ ಬ್ಯಾಡೋ?"

"ಎಲ್ಲಿ ಬೇಕಾದ್ರೂ ಕೂಡು ಮಾರಾಯ್ತಿ, ಮೊದ್ಲು ಇಳ್ಸು!"

"ಬಕ್ಕೇಶಪ್ಪಾರ ಜತಿಗೆ ಹರಿಹರಕ್ಕೆ ಹೋಗೋದು ಯಾತಕ್ಕೆ?"

ಬಕ್ಕೇಶಪ್ಪ ಬಾಗಿಲ ಕಡೆ ಸರಿದ.

"ಮಿರ್ಚಿ ತಿನ್ನಾಕೆ," ಎಂದೆ.

"ದಾವಣಗೆರೆಯಾಗೆ ಮಿರ್ಚಿ ಇಲ್ಲೇನ್ರಿ?"

"ಇಲ್ಲಿ ತಿಂದ್ರೆ ನಿಂಗೆ ಗೊತ್ತಾಗ್ತೈತೆ." ನಾನು ಕೆಂಪು ದಾರಕ್ಕೆ ಕೈ ಚಾಚಿದೆ.

"ಅದು ಆಪತ್ತಿಗೆ ಮಾತ್ರ ಅಣ್ಣಾರೆ," ಎಂದರು ದಿಲ್ಷಾದ್ ಬೇಗಂ.

"ಇದು ಆಪತ್ತಲ್ಲದೆ ಇನ್ನೇನ್ರಿ?"

ಕೊನೆಗೆ ಇಳಿಸಿದಳು. ಮೆಲ್ಲಗೆ, ಒಂದು ಚೂರೂ ಕುಲುಕದ ಹಾಗೆ, ನಾನು ಅವಳನ್ನು ಯಾವತ್ತೂ ಇಳಿಸದಷ್ಟು ಜೋಪಾನವಾಗಿ.

ಕೆಲವು ವಾರ ಅವಳು ಅಭ್ಯಾಸ ಮಾಡಿದಳು. ದಿನಾ ಬೆಳಿಗ್ಗೆ ನಾನು ಪಕ್ಕದಲ್ಲಿ ನಿಂತಿರಬೇಕು ಎಂಬುದು ಹರಿಹರದ ಕಟ್ಟಪ್ಪಣೆ. ಐದಕ್ಕಲ್ಲ, ನನ್ನ ಹೊತ್ತಿಗೆ. ಅಲ್ಲಿಯವರೆಗೆ ಅವಳು ಸಹಿಸಿಕೊಂಡಳು. ಆಮೇಲೆ ದಿಲ್ಷಾದ್ ಬೇಗಂ ಮತ್ತೊಮ್ಮೆ ಬಂದು, ಅವಳು ಒಬ್ಬಳೇ ಜೋಲಿ ಹಾಕಿಕೊಳ್ಳುವುದನ್ನೂ ಇಳಿಯುವುದನ್ನೂ ಎರಡು ದಿನ ಕೂತು ನೋಡಿ, "ಇನ್ನು ನಿನ್ನ ಹೊತ್ತು ನಿಂದು ವಾಣಿ. ಫೋನು ಮಾತ್ರ ಕೈಗೆ ಸಿಗೋ ಹಂಗಿರ್ಲಿ" ಎಂದು ಹೇಳಿ ಹೋದರು.

ಮರುದಿನ ನನಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಜೋಲಿ ಅಚ್ಚುಕಟ್ಟಾಗಿ ಮಡಿಸಿ ದಿಂಬಿನ ಮೇಲಿತ್ತು. ನಾನು ಹಾಗೇ ಬಿದ್ದುಕೊಂಡು "ರೀ" ಎಂಬ ಕೂಗಿಗೆ ಕಾದೆ. ಯಾವ ಕೂಗಿಗೆ ಇಷ್ಟು ದಿನ ಮಗ್ಗುಲು ಬದಲಿಸುತ್ತಿದ್ದೆನೋ ಅದೇ ಕೂಗಿಗೆ. ಬರಲಿಲ್ಲ. ಮನೆಯಲ್ಲಿ ನನ್ನನ್ನು ಕೇಳುವವರೇ ಇಲ್ಲವೇನೋ ಎನ್ನಿಸಿತು. ಎದ್ದು, ಪಂಚೆ ಸರಿಮಾಡಿಕೊಂಡು, ಕತ್ತಲು ಇನ್ನೂ ಪೂರ್ತಿ ಹರಿಯದ ಅಂಗಡಿಗೆ ಹೋದೆ.

ಅಂಗಡಿ ತುಂಬ ಜನ. ಗಲ್ಲಾದ ಹಿಂದೆ ಗಾಲಿಕುರ್ಚಿಯಲ್ಲಿ ವಾಣಿಶ್ರೀ, ತಲೆಗೆ ನೀರು ಹಾಕಿಕೊಂಡು ಮಲ್ಲಿಗೆ ಮುಡಿದಿದ್ದಳು. ಒಬ್ಬನಿಗೆ ಚಿಲ್ಲರೆ ಕೊಡುತ್ತ, ಇನ್ನೊಬ್ಬನ ಚೌಕಾಸಿಯನ್ನು ಕಣ್ಣಲ್ಲೇ ಸುಡುತ್ತ, ನಬೀ ಸಾಬರಿಗೆ ಚೀಲ ತೋರಿಸುತ್ತ, ಮಧ್ಯೆ ಯಾವುದಕ್ಕೋ ಜೋರಾಗಿ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಬಸ್ಸಿನಿಂದ ಬಿದ್ದ ದಿನದಿಂದ ಅದು ಎಲ್ಲಿಗೋ ಹೋಗಿತ್ತು, ಹೋಗಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಬಹಳ ನಾಚಿಕೆಯೂ ಆಯಿತು. ಎರಡರಲ್ಲಿ ಯಾವುದನ್ನು ಮೊದಲು ಅನುಭವಿಸುವುದೆಂದು ತಿಳಿಯದೆ ಗಿರಾಕಿಗಳ ಹಿಂದೆ ನಿಂತುಕೊಂಡೆ.

ನನ್ನ ಸರದಿ ಬಂತು.

"ಎಷ್ಟು ಚೀಲ ಯಜಮಾನ್ರೆ?" ಎಂದಳು, ತಲೆಯೆತ್ತದೆ.

"ನಾನು ಕಣೇ."

ತಲೆಯೆತ್ತಿದಳು. "ಅಯ್ಯ, ಎದ್ರಾ? ಇಷ್ಟೊತ್ತಿಗೆ? ಬಂದೀರಲ್ಲ, ಒಳಗೆ ಹೋಗಿ ಚಾ ಇಡ್ರಿ. ನಂಗೊಂದು, ನಬೀ ಸಾಬ್ರಿಗೊಂದು, ಈ ಗುತ್ತೆಪ್ಪಾರಿಗೊಂದು. ಗುತ್ತೆಪ್ಪಾರಿಗೆ ಸಕ್ರಿ ಬ್ಯಾಡ."

ಗುತ್ತೆಪ್ಪ ಎಂಬಾತ ಕುಕ್ಕುವಾಡದ ಅಂಗಡಿಯವನು. ಎಷ್ಟೋ ವರ್ಷದಿಂದ ದಿನಾ ಬೆಳಗಿನ ಜಾವ ನಮ್ಮಲ್ಲೇ ಕೊಳ್ಳುವವನಂತೆ. ನಾನು ಆತನನ್ನು ನೋಡಿದ್ದು ಅವತ್ತೇ ಮೊದಲು. ಆತನೂ ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಲ್ಲಾದ ಕಡೆ ಬಾಗಿದ.

"ಅಕ್ಕಾರೆ, ಕೆಲಸಕ್ಕೆ ಹೊಸಬ್ರನ್ನ ಇಟ್ಕಂಡೀರೇನು?"

"ಹ್ಞೂಂ," ಎಂದಳು ವಾಣಿಶ್ರೀ, ಚಿಲ್ಲರೆ ಎಣಿಸುತ್ತ. "ಇವತ್ತೇ ಬಂದಾರೆ. ನೋಡಾಣ, ಹೆಂಗೆ ಮಾಡ್ತಾರೋ."

ನಾನು ಒಳಗೆ ಹೋಗಿ ಒಲೆ ಹಚ್ಚಿದೆ.